ಹಳೇ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕುವ ಮುಂಚೆ

ನಿಮ್ಮಪ್ಪನ 2011ರ ಡೆಸ್ಕ್‌ಟಾಪನ್ನು ಗುಜರಿಗೆ ಕೊಡಬೇಡ ಕಣಮ್ಮ, ಅದಕ್ಕಿನ್ನೂ ಆಯುಸ್ಸಿದೆ. ಆದರೆ ಸ್ಲಾಟಿನಲ್ಲಿ ಕೂತದ್ದೆಲ್ಲ ಕೆಲಸ ಮಾಡುತ್ತೆ ಅಂದುಕೊಳ್ಳಬೇಡ. ಬಿಡಿಭಾಗ ತರಲು ಎಸ್.ಪಿ. ರಸ್ತೆಗೆ ಹೊರಡುವ ಮುಂಚೆ ಇಷ್ಟು ನೋಡಿಕೊ.

• ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡಿನ ಮೇಲಿರುವ ಮಾಡೆಲ್ ನಂಬರಿನ ಫೋಟೊ ತೆಗೆದುಕೊ. ಅಂಗಡಿಯವರು "ಎಲ್ಲಾದಕ್ಕೂ ಆಗುತ್ತೆ" ಅಂದರೂ ಬೋರ್ಡಿನ ಮ್ಯಾನ್ಯುಯಲ್ ನೋಡಿಯೇ ದುಡ್ಡು ಕೊಡು.

• ಮೊದಲ ಖರ್ಚು ಸಾಟಾ ಎಸ್‌ಎಸ್‌ಡಿಗಿರಲಿ. ಹಳೇ ಸಾಟಾ-2 ಪೋರ್ಟು ಸೆಕೆಂಡಿಗೆ 300 ಎಂಬಿ ದಾಟುವುದಿಲ್ಲ, ಎಸ್‌ಎಸ್‌ಡಿಗೆ 500ರ ಮೇಲೆ ಓಡುವ ಶಕ್ತಿಯಿರುತ್ತೆ. ಪರವಾಗಿಲ್ಲ, ಹಾಕು. ಹಳೇ ಹಾರ್ಡ್‌ಡಿಸ್ಕ್ ಕಾಯಿಸುವುದು ಅದರ ಹೆಡ್ ಅಲ್ಲಿಂದಿಲ್ಲಿಗೆ ಓಡಾಡುವುದರಿಂದ. ಆ ಓಡಾಟ ತಪ್ಪಿದರೇ ಸಾಕು, ಮೆಷಿನ್ ಬೇರೆಯದೇ ಅನ್ನಿಸುತ್ತೆ.

• ಸಾಟಾಗಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಬೇಕೇಬೇಕು ಅನ್ನಿಸಿದರೆ ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಕಾರ್ಡ್ ಸಿಗುತ್ತೆ. ಹೊಸ ತಲೆಮಾರಿನ ಡ್ರೈವ್ ಹಳೇ ಸ್ಲಾಟಿನಲ್ಲೂ ನಡೆಯುತ್ತೆ, ವೇಗ ಮಾತ್ರ ಸ್ಲಾಟಿನದು. ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಲೇನಿಗೆ ಸೆಕೆಂಡಿಗೆ 500 ಎಂಬಿ, ನಾಲ್ಕಕ್ಕೆ 2000. ಉದ್ದನೆಯ ಸ್ಲಾಟ್ ಕಂಡಾಕ್ಷಣ 16 ಲೇನ್ ಇದೆ ಅನ್ನಬೇಡ. ಟಾರ್ಚ್ ಬಿಟ್ಟು ಒಳಗೆ ನೋಡು, ಕೆಲವದರಲ್ಲಿ ಪಿನ್ನುಗಳು ಕಾಲುಭಾಗಕ್ಕೇ ನಿಂತಿರುತ್ತವೆ.

ತೊಡಕಿರುವುದು ಬೂಟ್ ಆಗುವುದರಲ್ಲಿ. 2014ಕ್ಕಿಂತ ಹಿಂದಿನ ಬಹುತೇಕ ಬೋರ್ಡ್‌ಗಳ ಬಯಾಸ್‌ಗೆ ಎನ್‌ವಿಎಂಇ ಅಂದರೆ ಗೊತ್ತಿಲ್ಲ. ವಿಂಡೋಸ್ 10 ಒಮ್ಮೆ ಎದ್ದ ಮೇಲೆ ಡ್ರೈವನ್ನು ಕಾಣುತ್ತೆ, ಅದರಿಂದಲೇ ಏಳಲಾರದು. ಅದಕ್ಕೇ ವಿಂಡೋಸ್ ಸಾಟಾದಲ್ಲಿರಲಿ, ನಿನ್ನ ವಿಡಿಯೊ ಕೆಲಸ ಎನ್‌ವಿಎಂಇಯಲ್ಲಿ. ಲಿನಕ್ಸ್ ಆದರೆ ಬೂಟ್ ಪಾರ್ಟಿಷನ್ ಒಂದನ್ನು ಸಾಟಾದಲ್ಲಿಟ್ಟು ಮಿಕ್ಕಿದ್ದನ್ನೆಲ್ಲ ಎನ್‌ವಿಎಂಇಗೆ ಹಾಕಬಹುದು. ಯಾರೋ ತಿದ್ದಿದ ಬಯಾಸ್ ತಂದು ಫ್ಲ್ಯಾಶ್ ಮಾಡುವ ಸಾಹಸ ಮಾತ್ರ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದಂತೆ.

• ಆ ಅಡಾಪ್ಟರಿಗೆ ಹಾಕುವ ಎಂ.2 ಕಡ್ಡಿಗಳೆಲ್ಲ ನೋಡಲು ಒಂದೇ ಥರ, ಒಳಗೆ ಕೆಲವು ಸಾಟಾ, ಕೆಲವು ಎನ್‌ವಿಎಂಇ. ಅಂಚಿನ ಕಚ್ಚು ಎಣಿಸಿ ತೀರ್ಮಾನಿಸಬೇಡ, ಲೇಬಲ್ ಓದು. ಅಗ್ಗದ ಅಡಾಪ್ಟರಿನಲ್ಲಿ ಸಾಟಾ ಕಡ್ಡಿ ನಡೆಯುವುದಿಲ್ಲ.

• ಗ್ರಾಫಿಕ್ಸ್ ಕಾರ್ಡ್ ಅಂದರೆ ಮೊದಲು ಎಸ್‌ಎಂಪಿಎಸ್ ನೋಡು. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನಿನ ವೈರು ಇನ್ನೊಂದು 75, ಎಂಟು ಪಿನ್ನಿನದು 150. ಹಳೇ ಎಸ್‌ಎಂಪಿಎಸ್‌ನಲ್ಲಿ ಆ ವೈರೇ ಇಲ್ಲದಿದ್ದರೆ ಕನ್ವರ್ಟರ್ ಸಿಕ್ಕಿಸಿ ಎಳೆಯಬೇಡ, ಹೊರಗಿನ ಪವರ್ ಬೇಡದ ಕಾರ್ಡನ್ನೇ ಕೊಳ್ಳು. ಲೇನ್ ಲೆಕ್ಕವನ್ನೂ ಕೇಳು: ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್. 4.0 ಸ್ಲಾಟಿನಲ್ಲಿ ಅದು ಸಾಕಾಗಬಹುದು, ನಿನ್ನ 2.0ರಲ್ಲಿ ಕಾಲುಭಾಗ ದಾರಿಯಷ್ಟೇ. ಕೆಲವು ಹೊಸ ಕಾರ್ಡುಗಳು ಹಳೇ ಬಯಾಸಿನಲ್ಲಿ ಪರದೆಗೆ ಏನನ್ನೂ ಕೊಡುವುದಿಲ್ಲ. ವಾಪಸ್ ತಗೊಳ್ಳುತ್ತೀರಾ ಅಂತ ಮೊದಲೇ ಕೇಳಿಕೊ.

• ಯುಎಸ್‌ಬಿ 3 ಕಾರ್ಡಿಗೆ ಪವರ್ ಕನೆಕ್ಟರ್ ಇದ್ದರೆ ಅದನ್ನು ಜೋಡಿಸದೆ ಬಿಡಬೇಡ. ಇಲ್ಲದಿದ್ದರೆ ಹೊರಗಿನ ಹಾರ್ಡ್‌ಡಿಸ್ಕ್ ಕಾಪಿ ಆಗುವಾಗಲೇ ಕಳಚಿಕೊಳ್ಳಬಹುದು.

• 2 ಟಿಬಿಗಿಂತ ದೊಡ್ಡ ಡಿಸ್ಕ್ ತಂದರೆ ಪಾರ್ಟಿಷನ್ ಬಗೆಯಲ್ಲಿ ಎಂಬಿಆರ್ ಬಿಟ್ಟು ಜಿಪಿಟಿ ಆರಿಸು. ತುಂಬಿದ ಡಿಸ್ಕನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬದಲಿಸಲು ಹೋದರೆ ಎಲ್ಲವನ್ನೂ ಅಳಿಸಬೇಕಾಗುತ್ತೆ. ಅಪ್ಪನ ಫೋಟೊಗಳೆಲ್ಲ ಅದರಲ್ಲೇ ಇವೆ, ಮೊದಲು ಕಾಪಿ ಮಾಡು.

• ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ತಗಡು ಮುಟ್ಟಿ, ಆಮೇಲೆ ಕಾರ್ಡನ್ನು ಅಂಚಿನಲ್ಲೇ ಹಿಡಿ. ಒಂದು ಸಲಕ್ಕೆ ಒಂದೇ ಕಾರ್ಡ್ ಹಾಕಿ, ಆನ್ ಮಾಡಿ ನೋಡು; ಎಲ್ಲ ಒಟ್ಟಿಗೆ ಹಾಕಿದರೆ ತೊಂದರೆ ಯಾವುದರದು ಅಂತ ಗೊತ್ತಾಗುವುದಿಲ್ಲ. ತಾರೀಖು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ಲನ್ನೂ ಅವತ್ತೇ ಬದಲಿಸಿಬಿಡು.