ಹಾಲು ಹಾಕಿ ಬಂದ ಮೇಲೆ ಅರ್ಧ ಗಂಟೆಯ ಅಡುಗೆ: ತತ್ತಿ-ಬಟಾಟೆ ಪಲ್ಯ



ಕರೆಯುವ ಆಕಳಿಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ, ಎಮ್ಮೆಗಾದರೆ ಪ್ರತಿ 2 ಲೀಟರಿಗೆ 1 ಕಿಲೋ ಪಶು ಆಹಾರ ಹಾಕಬೇಕೆಂಬುದು ನಿಮಗೆ ಬಾಯಿಪಾಠ. ಆದರೆ ಅದೇ ಆಕಳನ್ನು ದಿನಕ್ಕೆರಡು ಸಲ ಹಿಂಡುವ, ಸಗಣಿ ಬಾಚುವ, ಹುಲ್ಲಿನ ಹೊರೆ ಹೊರುವ ಮನೆಯಾಕೆಯ ತಟ್ಟೆಗೆ ಇಂಥ ಲೆಕ್ಕ ಹಾಕಿದವರು ಎಷ್ಟು ಮಂದಿ? ಹಾಲು ಡೇರಿಗೆ ಹೋಗುತ್ತದೆ. ನಾಲ್ಕು ಕೋಳಿ ಇದ್ದರೆ ಅದರ ತತ್ತಿ ಸಂತೆಗೆ ಹೋಗುತ್ತದೆ. ರಾತ್ರಿ ಉಳಿಯುವುದು ಅನ್ನ ಮತ್ತು ತಿಳಿಸಾರು.

55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ಬೇಕು. ಮೊಲೆಯೂಡಿಸುವ ತಾಯಿಗೆ ಇನ್ನೂ ಹೆಚ್ಚು. ಒಂದು ತತ್ತಿಯಲ್ಲಿ 6 ಗ್ರಾಂ ಇದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಟಾಟೆಯ 100 ಗ್ರಾಮಿನಲ್ಲಿ 2 ಗ್ರಾಂ ಸಿಕ್ಕರೆ ಹೆಚ್ಚು. ಅದು ಹೊಟ್ಟೆ ತುಂಬಿಸಿ ಕಸುವು ಕೊಡುತ್ತದೆ. ಬರೀ ಬಟಾಟೆ ಪಲ್ಯ ಮಾಡುವ ದಿನ ಅದಕ್ಕೇ ನಾಲ್ಕು ತತ್ತಿ ಒಡೆದು ಹಾಕಿರಿ ಎಂಬುದೇ ಈ ಪಾಠ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಿಂದ ಶಾಲೆಯ ಮಕ್ಕಳಿಗೆ ಹಾಲು ಸಿಕ್ಕಿತು, ಈಚಿನ ವರ್ಷಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಸೇರಿತು. ಆ ಮಕ್ಕಳ ತಾಯಿಗೆ ಮಾತ್ರ ಮನೆಯ ಅಡುಗೆಯೇ ಗತಿ.

ನಾಲ್ಕು ಜನಕ್ಕೆ ಬೇಕಾದದ್ದು: ತತ್ತಿ 4, ಮಧ್ಯಮ ಗಾತ್ರದ ಬಟಾಟೆ 4, ಉಳ್ಳಾಗಡ್ಡಿ 2, ಬಳ್ಳೊಳ್ಳಿ ಐದಾರು ಎಸಳು, ಜೀರಿಗೆ, ಅರಿಶಿನ, ಖಾರದ ಪುಡಿ, ಉಪ್ಪು, 2 ದೊಡ್ಡ ಚಮಚ ಶೇಂಗಾ ಎಣ್ಣೆ, ಒಂದಿಷ್ಟು ಕೊತ್ತಂಬರಿ ಸೊಪ್ಪು. ಜೊತೆಗೆ 2 ದೊಡ್ಡ ಚಮಚ ಹಾಲು. ಇಷ್ಟನ್ನು ಡೇರಿಗೆ ಹಾಕದೆ ಇಟ್ಟುಕೊಂಡರೆ ನಷ್ಟವೇನಿಲ್ಲ!

ಕೊಟ್ಟಿಗೆಯಿಂದ ಬಂದವರು ಮೊದಲು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಬಟಾಟೆಯನ್ನು ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಹೆಚ್ಚಿರಿ. ದೊಡ್ಡ ಹೋಳು ಹಾಕಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಎಣ್ಣೆ ಕಾದ ಮೇಲೆ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಉಳ್ಳಾಗಡ್ಡಿ ಹಾಕಿ ಬಾಡಿಸಿ, ಬಟಾಟೆ, ಅರಿಶಿನ, ಉಪ್ಪು ಸೇರಿಸಿರಿ. ಸ್ವಲ್ಪ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು-ಹನ್ನೆರಡು ನಿಮಿಷ ಬೇಯಿಸಿರಿ. ಹೋಳು ಬೆರಳಿಗೆ ಮೆತ್ತಗಾದಾಗ ಖಾರದ ಪುಡಿ ಹಾಕಿರಿ. ತತ್ತಿಯನ್ನು ಹಾಲಿನೊಂದಿಗೆ ಕಡೆದು ಮೇಲೆ ಸುರಿದು, ಒಂದು ನಿಮಿಷ ಮುಟ್ಟದೆ ಬಿಡಿರಿ. ಆಮೇಲೆ ಮೆಲ್ಲಗೆ ತಿರುವಿರಿ. ಸುರಿದ ಕೂಡಲೇ ಗಡಬಡಿಸಿ ಕಲಕಿದರೆ ತತ್ತಿ ಪುಡಿಪುಡಿಯಾಗುತ್ತದೆ. ಎಲ್ಲೂ ನೀರಾಗಿ ಉಳಿಯದಂತೆ ಪೂರ್ತಿ ಬೇಯಲಿ. ಹಾಲು ಹಾಕಿದ ದಿನ ಟೊಮೆಟೊ, ಹುಳಿ ಬೇಡ, ಹಾಲು ಒಡೆಯುತ್ತದೆ.

ತತ್ತಿಯನ್ನು ಒಂದೊಂದಾಗಿ ಬಟ್ಟಲಲ್ಲಿ ಒಡೆದು ನೋಡಿರಿ. ನಾಲ್ಕನೆಯದು ಕೆಟ್ಟಿದ್ದರೆ ಮೊದಲಿನ ಮೂರೂ ಹಾಳಾಗಬಾರದಲ್ಲ! ನೀರಿನಲ್ಲಿ ತೇಲುವ ತತ್ತಿ ಹಳತು. ಸಗಣಿ ಮೆತ್ತಿದ್ದನ್ನು ಒಡೆಯುವ ಮುನ್ನವೇ ತೊಳೆಯಬೇಕು, ತೊಳೆದು ಇಡಬಾರದು; ಚಿಪ್ಪಿನ ಮೇಲಿನ ತೆಳುಪೊರೆ ಹೋದರೆ ರೋಗಾಣು ಒಳಸೇರುವುದು ಸುಲಭ.

ರೊಟ್ಟಿ, ಚಪಾತಿ, ಅನ್ನ ಯಾವುದಕ್ಕೂ ಈ ಪಲ್ಯ ಹೊಂದುತ್ತದೆ. ಬಟಾಟೆ ಎಂಬ ಹೆಸರೇ ಪೋರ್ಚುಗೀಸರಿಂದ ಬಂದದ್ದು. ಗೋವೆಯ ಗಡಿಗೆ ಅಂಟಿದ ಜೋಯಿಡಾದವರಿಗೆ ಇದು ಹೊಸ ಸುದ್ದಿಯಲ್ಲ. 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡದಲ್ಲಿ ನೋಡಿದರೆ, ಅವರಲ್ಲೂ ಶೋಗೊ ಖಾತ್ಸಾ ಎಂಬ ಖಾರದ ಬಟಾಟೆ ಪಲ್ಯವಿದೆ. ದಾಂಡೇಲಿ, ಹಳಿಯಾಳದ ಪೇಟೆಯಲ್ಲಿ ಕೊಂಡ ಫಾರಂ ತತ್ತಿಯೂ ನಡೆಯುತ್ತದೆ. ನಾಟಿ ತತ್ತಿಯೇ ಆಗಬೇಕೆಂದು ಕಾಯುತ್ತ ಕೂರಬೇಡಿರಿ. ಬಟಾಟೆಗೆ ದರ ಏರಿದಾಗ ಜೋಯಿಡಾದ ಕುಣಬಿ ಬಾಂಧವರು ಬೆಳೆಯುವ ಗೆಡ್ಡೆಗಳಿವೆ, ಗೆಣಸಿದೆ. ಕೆಸುವಿನ ಜಾತಿಯ ಗೆಡ್ಡೆಯಾದರೆ ಹುಣಸೆ ಅಥವಾ ಮುರುಗಲು ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತದೆ. ಆ ದಿನ ತತ್ತಿಗೆ ಹಾಲು ಬೆರೆಸಬೇಡಿರಿ.

ತತ್ತಿ ತಿನ್ನದ ಮನೆಯವರು ಹಾಲನ್ನು ಕಾಯಿಸಿ, ಲಿಂಬೆರಸದಿಂದ ಒಡೆಸಿ, ಬಟ್ಟೆಯಲ್ಲಿ ಸೋಸಿದ ಪನೀರನ್ನು ಇದೇ ರೀತಿ ಹಾಕಬಹುದು. ಕೆಚ್ಚಲು ಬಾವು ಬಂದ ಆಕಳ ಹಾಲನ್ನೂ, ಔಷಧ ಕೊಟ್ಟ ಮೇಲೆ ವೈದ್ಯರು ಹೇಳಿದ ಅವಧಿ ಮುಗಿಯದ ಹಾಲನ್ನೂ ಇದಕ್ಕೆ ಬಳಸಕೂಡದು. ಡೇರಿಗೆ ಬೇಡವಾದದ್ದು ಮನೆಯ ಮಗುವಿಗೂ ಬೇಡ.

ಕೊನೆಗೆ ಕೊಟ್ಟಿಗೆಯವರಿಗೆ ಒಂದು ಮಾತು. ಹಸಿರು ಬಣ್ಣಕ್ಕೆ ತಿರುಗಿದ, ಮೊಳಕೆಯೊಡೆದ ಬಟಾಟೆಯಲ್ಲಿ ಸೊಲನಿನ್ ಎಂಬ ವಿಷಾಂಶ ಹೆಚ್ಚಿರುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ನೀವೂ ತಿನ್ನಬೇಡಿರಿ, ಅದನ್ನೂ ಅದರ ಸಿಪ್ಪೆ, ಮೊಳಕೆಗಳನ್ನೂ ದನಕ್ಕೂ ಹಾಕಬೇಡಿರಿ. ಒಳ್ಳೆಯ ಬಟಾಟೆಯನ್ನಾದರೂ ಇಡಿಯಾಗಿ ಎಸೆದರೆ ದನದ ಅನ್ನನಾಳಕ್ಕೆ ಸಿಕ್ಕಿ ಹೊಟ್ಟೆಯುಬ್ಬರ ಬರುತ್ತದೆ. ಹೆಚ್ಚಿಯೇ ಹಾಕಿರಿ. ಒಮ್ಮೆ ಸಿಕ್ಕಿಕೊಂಡು ಬಾಯಲ್ಲಿ ಜೊಲ್ಲು ಸುರಿಸುತ್ತ ಕತ್ತು ಚಾಚಿದರೆ ಕೈ ಹಾಕಿ ತಳ್ಳಲು ಹೋಗದೆ ತಕ್ಷಣ ಪಶುವೈದ್ಯರನ್ನು ಕರೆಸಿರಿ.