ಆರಡಿ ಮೂರಿಂಚಿನವರು ಟೆಂಟ್ ಕೊಳ್ಳುವ ಮುನ್ನ

ಟೆಂಟಿನ ಚೀಟಿಯಲ್ಲಿ ಅಚ್ಚಾದ ಉದ್ದವನ್ನು ನಂಬಬೇಡಿ. ಎತ್ತರದವರಿಗೆ ನಾನು ಹೇಳಬೇಕಾದ ಮೊದಲ ಮಾತು ಇದೇ. ನನ್ನ ಎತ್ತರ 190 ಸೆಂ.ಮೀ. ಬೆಂಗಳೂರಿನ ಅಂಗಡಿಯಲ್ಲಿ ತೋರಿಸಿದ ಒಬ್ಬರ ಟೆಂಟಿನ ನೆಲ 215 ಸೆಂ.ಮೀ. ಉದ್ದ. "ನಿಮಗಿಂತ ಉದ್ದ ಇರೋರೂ ಆರಾಮಾಗಿ ಮಲಗ್ತಾರೆ ಸಾರ್" ಎಂದ ಅಂಗಡಿಯ ಹುಡುಗ. ಒಮ್ಮೆ ಹಾಕಿ ತೋರಿಸಪ್ಪ ಎಂದರೆ ಜಾಗವಿಲ್ಲ, ಬಿಚ್ಚಿದ ಮೇಲೆ ವಾಪಸ್ ತಗೊಳ್ಳಲ್ಲ ಎಂಬ ಉತ್ತರ. ಅಷ್ಟು ದುಡ್ಡಿನ ಸಾಮಾನನ್ನು ಹೊಲಿಗೆ ಕೂಡ ನೋಡಲು ಬಿಡದೆ ಮಾರುವುದು ಯಾವ ಸೀಮೆಯ ವ್ಯಾಪಾರವೋ, ನನಗೆ ಇವತ್ತಿಗೂ ಸಿಟ್ಟಿದೆ.

ಜೊತೆಗೆ ನನ್ನ ಷಡ್ಡಕರಿದ್ದರು. ಅದೇ ಟೆಂಟ್ ಹೊತ್ತು ಹಿಮಾಚಲ ಸುತ್ತಿ ಬಂದವರು. "ತೂಕ ನೋಡ್ರಿ, ಒಂದು ಕೇಜಿ ಸುತ್ತಮುತ್ತ. ಬೇರೆ ಏನೂ ನೋಡಬೇಡಿ" ಎಂದು ಒತ್ತಾಯ ಮಾಡಿದರು. ಅವರು ಐದಡಿ ಐದಿಂಚು. ಅವರ ಅನುಭವ ಸುಳ್ಳಲ್ಲ, ಆದರೆ ಅದು ಅವರ ಮೈಯಳತೆಯ ಅನುಭವ. ಸಲಹೆ ಕೊಡುವವರು ತಮ್ಮ ಎತ್ತರವನ್ನು ಮೊದಲು ಹೇಳಬೇಕು.

ಆದರೂ ಅವರ ಮಾತಿಗೆ ಆ ಟೆಂಟನ್ನೇ ಕೊಂಡು ಹಿಮಾಚಲದ ಹಂಪ್ಟಾ ಪಾಸ್ ಚಾರಣಕ್ಕೆ ಹೊತ್ತೊಯ್ದೆ. ಪಾಸ್ ದಾಟುವ ಹಿಂದಿನ ರಾತ್ರಿ ತಂಗುವುದು ಬಾಲೂ ಕಾ ಘೇರಾದಲ್ಲಿ. ಮನಾಲಿ ಕಡೆಯಿಂದ ಜೋಬ್ರಾ, ಚಿಕಾ ಹಾದು ಬಂದರೆ ಸಿಗುವ, ಹೊಳೆ ತಂದು ಹರಡಿದ ಮರಳಿನ ಬಯಲು. ಎತ್ತರ ಮೂರೂವರೆ ಸಾವಿರ ಮೀಟರಿಗೂ ಹೆಚ್ಚು. ಮರುದಿನ ಸುಮಾರು 4,270 ಮೀಟರಿನ ಪಾಸ್ ಹತ್ತಿ ಲಾಹೌಲ್ ಕಡೆಯ ಶಿಯಾಗೋರುವಿಗೆ ಇಳಿಯಬೇಕು. ಇಡೀ ಚಾರಣದಲ್ಲಿ ಕಷ್ಟದ ದಿನ ಅದು, ಆದ್ದರಿಂದ ನಿದ್ದೆ ಬೇಕಾದದ್ದೂ ಆ ರಾತ್ರಿಯೇ.

ಕತ್ತಲಾಗುವ ಹೊತ್ತಿಗೆ ಮಳೆ ಹಿಡಿಯಿತು. ಒಳಗೆ ಕೂರೋಣವೆಂದರೆ ಟೆಂಟಿನ ಒಂದು ಮೀಟರ್ ಎತ್ತರವೆಂಬುದು ಇದ್ದದ್ದು ನಡುವಿನ ಒಂದೇ ಬಿಂದುವಿನಲ್ಲಿ. ಗಾಳಿ ತುಂಬಿದ ಮ್ಯಾಟಿನ ಮೇಲೆ ಕೂತ ಕೂಡಲೇ ನೆತ್ತಿ ಬಟ್ಟೆಗೆ ತಾಗಿತು. ಮಲಗಿದೆ. ಅಂಗಾತ ಮಲಗಿದಾಗ ಪಾದ ಮುಂದಕ್ಕೆ ಚಾಚಿಕೊಳ್ಳುತ್ತದೆ. ನನ್ನ 190 ಅಲ್ಲಿಗೇ ಇನ್ನೂರರ ಹತ್ತಿರ ಹೋಯಿತು. ಅದರ ಮೇಲೆ ಸ್ಲೀಪಿಂಗ್ ಬ್ಯಾಗಿನ ಉಬ್ಬು. ಕಾಲ ಕಡೆ ಬ್ಯಾಗಿನ ತುದಿ ಒಳಪರದೆಯನ್ನು ತಳ್ಳಿ ಹೊರಪರದೆಗೆ ಅಂಟಿಸಿತು. ಹೊರಪರದೆಯ ಒಳಮೈಯಲ್ಲಿ ನಮ್ಮ ಉಸಿರಿನ ಹಬೆಯೇ ಹನಿಗಟ್ಟಿ ನಿಂತಿರುತ್ತದೆ. ಎರಡು ಪದರ ತಾಗಿದಲ್ಲಿ ಆ ನೀರು ಸೀದಾ ಒಳಗೆ ಇಳಿಯುತ್ತದೆ.

ಮೊದಲು ತಣ್ಣಗಾಯಿತು, ಆಮೇಲೆ ಒದ್ದೆಯಾಯಿತು. ಟಾರ್ಚ್ ಹಾಕಿ ನೋಡಿದರೆ ಬ್ಯಾಗಿನ ಕೊನೆಯ ಒಂದು ಗೇಣು ಕಪ್ಪಗೆ ತೊಯ್ದಿತ್ತು. ಕೈಯಿಂದ ಹಿಸುಕಿದರೆ ಒಳಗಿನ ಡೌನ್ ಗಂಟುಗಂಟಾಗಿ, ನಡುವೆ ಬರೀ ಎರಡು ಪದರ ಬಟ್ಟೆ ಸಿಕ್ಕಿತು. ಬಾತುಕೋಳಿಯ ಆ ತುಪ್ಪುಳ ಉಬ್ಬಿದ್ದರಷ್ಟೇ ಬೆಚ್ಚಗೆ, ನೆನೆದರೆ ಮುಗಿಯಿತು. ಕಾಲು ಮಡಿಸಿದರೆ ಮೊಣಕಾಲು ಪಕ್ಕದ ಪರದೆಗೆ ತಾಗುತ್ತದೆ, ಚಾಚಿದರೆ ಪಾದ ನೀರಿಗೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗೋಣವೆಂದರೆ ಕಾಲ ಕಡೆ ಟೆಂಟ್ ಶವಪೆಟ್ಟಿಗೆಯಂತೆ ಕಿರಿದಾಗುತ್ತಾ ಹೋಗಿತ್ತು. ತಲೆಯನ್ನು ಮೇಲಕ್ಕೆ ಸರಿಸಿದರೆ ಆ ತುದಿಯ ಪರದೆ ಹಣೆಗೆ ಅಂಟಿ ಹನಿ ಕಿವಿಯೊಳಗೆ ಇಳಿಯುತ್ತಿತ್ತು. ನಡುರಾತ್ರಿ ಪಾಸಿನ ಕಡೆಯಿಂದ ಗಾಳಿ ಬೀಸತೊಡಗಿದ ಮೇಲೆ ಪ್ರತಿ ಹೊಡೆತಕ್ಕೂ ಒದ್ದೆ ಬಟ್ಟೆ ಪಾದಕ್ಕೆ ಬಡಿಯಿತು. ಕೊನೆಗೆ ಕಾಲುಚೀಲ ಬದಲಿಸಿ, ಎರಡು ಪಾದವನ್ನೂ ರೊಟ್ಟಿ ಕಟ್ಟಿದ್ದ ಪ್ಲಾಸ್ಟಿಕ್ ಕವರಿಗೆ ತುರುಕಿ ಬ್ಯಾಗಿನೊಳಗೆ ಇಟ್ಟುಕೊಂಡೆ. ಬೆರಳುಗಳ ಅರಿವು ಮರಳಿ ಬರುವವರೆಗೆ ತಿಕ್ಕುತ್ತಾ ಬೆಳಗು ಮಾಡಿದೆ.

ಚಹಾ ತಂದ ಗೈಡ್ ಬ್ಯಾಗನ್ನು ಮುಟ್ಟಿ ನೋಡಿ, ನನ್ನ ರೇನ್‌ಕೋಟನ್ನು ಅದರ ಕಾಲ ತುದಿಗೆ ತೊಡಿಸಿ ಜಿಪ್ ಎಳೆದು ತೋರಿಸಿದರು. ಇಷ್ಟು ಮಾಡಿದ್ದರೆ ಪರದೆಯ ನೀರು ರೇನ್‌ಕೋಟಿನ ಮೇಲೇ ಜಾರಿ ಹೋಗುತ್ತಿತ್ತು. ನಿಮ್ಮಲ್ಲಿ ಗಿಡ್ಡ ಟೆಂಟ್ ಈಗಾಗಲೇ ಇದ್ದರೆ ಸದ್ಯಕ್ಕೆ ಇದೇ ಉಪಾಯ. ಆ ದಿನ ನಾನು ಪಾಸ್ ದಾಟಿದೆ, ಯಾರಿಗೂ ಭಾರವಾಗದೆ ದಾಟಿದೆ.

ಊರಿಗೆ ಬಂದು ಶಿರಸಿಯ ಮನೆಯಂಗಳದಲ್ಲಿ ಆ ಟೆಂಟ್ ಹಾಕಿ ಟೇಪ್ ಹಿಡಿದೆ. ನೆಲದಲ್ಲಿ 215 ಸರಿಯಾಗಿಯೇ ಇತ್ತು. ಆದರೆ ನಾವು ನೆಲದ ಮೇಲೆ ಮಲಗುವುದಿಲ್ಲವಲ್ಲ! ಮ್ಯಾಟ್ ಎಂಟು ಸೆಂ.ಮೀ. ದಪ್ಪ, ಅದರ ಮೇಲೆ ಪಾದ, ಪಾದದ ಮೇಲೆ ಬ್ಯಾಗು. ನಮ್ಮ ತಲೆ, ಹೆಬ್ಬೆರಳು ಇರುವುದು ನೆಲದಿಂದ 25 ಸೆಂ.ಮೀ. ಮೇಲೆ. ಆ ಎತ್ತರಕ್ಕೆ ಬರುವಷ್ಟರಲ್ಲಿ ಎರಡೂ ತುದಿಯ ಪರದೆಗಳು ಒಳಕ್ಕೆ ವಾಲಿ, ಉಳಿದದ್ದು 190 ಮಾತ್ರ. ಆದ್ದರಿಂದ ಅಳೆಯಬೇಕಾದದ್ದು ಅಲ್ಲಿ. ನಿಮ್ಮ ಎತ್ತರಕ್ಕೆ ಇಪ್ಪತ್ತು ಸೆಂ.ಮೀ. ಸೇರಿಸಿ, ಅಷ್ಟು ಉದ್ದ ಅಲ್ಲಿ ಸಿಗದಿದ್ದರೆ ಆ ಟೆಂಟ್ ಬೇಡ. ಅಂಗಡಿಗೆ ನಿಮ್ಮದೇ ಮ್ಯಾಟು, ಬ್ಯಾಗು ಒಯ್ಯಿರಿ, ಹಾಕಿಸಿ, ಒಳಗೆ ಮಲಗಿ ನೋಡಿ. ಬಿಚ್ಚಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ತುದಿಯ ಪರದೆ ನೆಟ್ಟಗೆ ಏಳುವ ವಿನ್ಯಾಸ ಎತ್ತರದವರಿಗೆ ಒಗ್ಗುತ್ತದೆ. ಎರಡು ಟ್ರೆಕಿಂಗ್ ಪೋಲ್‌ಗಳನ್ನು ಓರೆಯಾಗಿ ಎದುರುಬದುರು ನಿಲ್ಲಿಸಿ ಕಟ್ಟುವ ಟೆಂಟುಗಳಿವೆ. ಕೆನಡಾದ ಡ್ಯಾನ್ ಡರ್ಸ್ಟನ್ ರೂಪಿಸಿದ ಎಕ್ಸ್-ಮಿಡ್ ಆ ಬಗೆಯದು. ಬೇರೆ ಕಂಬಿಗಳೇ ಬೇಡವಾದ್ದರಿಂದ ತೂಕ ಉಳಿಯುತ್ತದೆ, ತಲೆಯ ಮೇಲೂ ಜಾಗ ಸಿಗುತ್ತದೆ. ಆದರೆ ನೆಲ ಹೆಚ್ಚು ಬೇಕು, ಗೂಟ ಭದ್ರವಾಗಿ ಕೂರುವ ಮಣ್ಣು ಬೇಕು; ಮರಳಿನಲ್ಲಿ ಗೂಟಕ್ಕೆ ಕಲ್ಲು ಹೇರಲೇಬೇಕು. ಅಷ್ಟು ದುಡ್ಡು ಬೇಡವೆಂದರೆ ಇಬ್ಬರ ಹಗುರ ಟೆಂಟ್ ತಗೊಳ್ಳಿ. ಉದ್ದ ಬಹುಪಾಲು ಅಷ್ಟೇ ಇದ್ದರೂ ಅಗಲ 125 ಸೆಂ.ಮೀ. ಆಸುಪಾಸು ಇರುವುದರಿಂದ ಓರೆಯಾಗಿ ಮಲಗಬಹುದು. ಹೆಚ್ಚಾಗುವ ಮುನ್ನೂರು ನಾನ್ನೂರು ಗ್ರಾಂ ಹೊರುವುದು ಒಂದು ರಾತ್ರಿಯ ನಿದ್ದೆ ಕಳೆದುಕೊಳ್ಳುವುದಕ್ಕಿಂತ ಸಾವಿರ ಪಾಲು ಮೇಲು.

ಬಟ್ಟೆಯ ವಿಷಯ ಒಂದೇ ಮಾತು. ನೈಲಾನ್ ನೀರು ಹೀರಿ ಜೋಲುತ್ತದೆ. ಜೋತರೆ ಮತ್ತೆ ಕಾಲಿಗೆ ತಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಹೊಸ ಟೆಂಟನ್ನು ಆರಿದ್ರಾ ಮಳೆಯಲ್ಲಿ ಅಂಗಳದಲ್ಲೇ ಹಾಕಿ ಮಲಗಿ ನೋಡಿಯೇ ನಾನು ಬೆಟ್ಟಕ್ಕೆ ಹೊತ್ತದ್ದು.

ಟ್ರೆಕಿಂಗ್ ಪೋಲ್ ನಂಬಿದ ಟೆಂಟ್ ಕೊಂಡರೆ, ಬೇಕಾದ ಉದ್ದಕ್ಕೆ ಕೋಲು ತೆರೆಯುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ವಿಮಾನದಲ್ಲಿ ಹೋಗುವುದಾದರೆ ಕೋಲು, ಗೂಟ ಎರಡನ್ನೂ ಚೆಕ್-ಇನ್ ಲಗೇಜಿಗೇ ಹಾಕಿ.