ಶುಗರ್ ಇಲ್ಲದ ಅಪ್ಪನಿಗೆ ಶುಗರ್ ಮಾತ್ರೆ ಏಕೆ?

ಪ್ರಶ್ನೆ: ನನ್ನ ಅಪ್ಪನಿಗೆ 58 ವರ್ಷ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದೆ. ಎರಡು ತಿಂಗಳ ಹಿಂದೆ ಕಾಲು ಊದಿಕೊಂಡು, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಕಾಣಲಿಲ್ಲ. ಆದರೆ ಹೃದಯ ಹಿಗ್ಗಿದೆ, ಪಂಪಿಂಗ್ ಶೇ. 20 ಮಾತ್ರ ಇದೆ ಎಂದರು. ಮನೆಗೆ ಬಂದಾಗ ಐದು ಬಗೆಯ ಮಾತ್ರೆ ಕೊಟ್ಟಿದ್ದರು. ಅಪ್ಪನಿಗೆ ಶುಗರ್ ಇಲ್ಲ, ಆದರೂ ಅದರಲ್ಲಿ ಶುಗರ್ ಮಾತ್ರೆ ಇತ್ತು. ಬಿ.ಪಿ. 96 ಇದೆ, ಆದರೂ ಬಿ.ಪಿ. ಮಾತ್ರೆ ಬರೆದಿದ್ದಾರೆ. ಊರಿನ ಮೆಡಿಕಲ್ ಶಾಪಿನವರೂ ಏನೋ ತಪ್ಪಾಗಿರಬೇಕು ಎಂದರು. ಹಾಗಾಗಿ ಡಾಪಾಗ್ಲಿಫ್ಲೋಜಿನ್ ಮತ್ತು ಕಾರ್ವೆಡಿಲಾಲ್ ಎರಡನ್ನೂ ಹತ್ತು ದಿನದಿಂದ ನಿಲ್ಲಿಸಿದ್ದೇವೆ. ಅಣ್ಣ ಎರಡು ಎಕರೆ ತೋಟ ಮಾರಿ ಹೃದಯ ಕಸಿ ಮಾಡಿಸೋಣ ಎನ್ನುತ್ತಿದ್ದಾನೆ. ಅಪ್ಪ ಮಾತೇ ಆಡುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ನಾಳೆಯೇ ಆ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ, ಯಾವ ಮಾತ್ರೆಗಳನ್ನು ಎಷ್ಟು ದಿನದಿಂದ ನಿಲ್ಲಿಸಿದ್ದೀರಿ ಎಂಬುದನ್ನು ಮುಚ್ಚಿಡದೆ ತಿಳಿಸಿ. ಬೈಯುತ್ತಾರೆ ಎಂದು ಅಂಜಬೇಡಿ. ಕಾರ್ವೆಡಿಲಾಲ್ ಅನ್ನು ನೀವಾಗಿಯೇ ಹಳೆಯ ಪ್ರಮಾಣದಲ್ಲಿ ಮತ್ತೆ ಶುರು ಮಾಡಬೇಡಿ. ಇಷ್ಟು ದಿನ ಬಿಟ್ಟ ಮೇಲೆ ಅದನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸಬೇಕಾಗಬಹುದು. ಅದನ್ನು ವೈದ್ಯರೇ ಹೇಳಲಿ.

ನಿಮ್ಮ ಮನೆಯಲ್ಲಿ ಎಲ್ಲರನ್ನೂ ಹೆದರಿಸಿರುವುದು ಆ 20 ಎಂಬ ಅಂಕಿ ಎಂದು ಕಾಣುತ್ತದೆ. ಹೃದಯದಲ್ಲಿ ನೂರಕ್ಕೆ ಎಂಬತ್ತು ಭಾಗ ಸತ್ತುಹೋಗಿದೆ ಎಂದು ಅದರ ಅರ್ಥವಲ್ಲ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ ಅದು ನೂರು ಇರುವುದಿಲ್ಲ, ಸುಮಾರು 55ರಿಂದ 70 ಇರುತ್ತದೆ. 20 ಎಂಬುದು ತೀವ್ರ ಸ್ಥಿತಿಯೇ, ಅದನ್ನು ಹಗುರ ಮಾಡಿ ಹೇಳುವುದಿಲ್ಲ. ಆದರೆ ಈ ಅಂಕಿ ಮೇಲೇರಬಲ್ಲದು. ಏರಿಸುವ ಶಕ್ತಿ ಇರುವುದು ನೀವು ಸಂಶಯಪಟ್ಟು ಎತ್ತಿಟ್ಟಿರುವ ಮಾತ್ರೆಗಳಲ್ಲೇ.

ಹೃದಯ ಸೋತಾಗ ದೇಹ ಅದನ್ನು ರಕ್ತದ ಕೊರತೆ ಎಂದು ತಪ್ಪಾಗಿ ತಿಳಿಯುತ್ತದೆ. ಅಡ್ರಿನಲಿನ್‌ ಹರಿಸಿ ಹೃದಯವನ್ನು ಓಡಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ, ಮೂತ್ರಪಿಂಡಗಳ ಮೂಲಕ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದಣಿದು ನೊಗ ಇಳಿಸಿದ ಎತ್ತಿಗೆ ಬಾರುಕೋಲಿನಿಂದ ಹೊಡೆದಂತೆ. ಒಂದು ಕಾಲಕ್ಕೆ ವೈದ್ಯರು ಕೂಡ ಇದೇ ದಾರಿ ಹಿಡಿದಿದ್ದರು. ದುರ್ಬಲ ಹೃದಯವನ್ನು ಜೋರಾಗಿ ಹಿಂಡಿಸುವ ಮಿಲ್ರಿನೋನ್ ಎಂಬ ಮಾತ್ರೆಯನ್ನು ತೀವ್ರ ಸ್ಥಿತಿಯ 1,088 ರೋಗಿಗಳಲ್ಲಿ ಪರೀಕ್ಷಿಸಿದರು. 1991ರಲ್ಲಿ ಫಲಿತಾಂಶ ಬಂತು: ಆ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇ. 28ರಷ್ಟು ಹೆಚ್ಚಾಗಿತ್ತು.

ಇದಕ್ಕೆ ತದ್ವಿರುದ್ಧವಾಗಿ ಯೋಚಿಸಿದವರು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯ ಫಿನ್ ವಾಗ್‌ಸ್ಟೈನ್ ಮತ್ತು ಅವರ ಸಂಗಡಿಗರು. ಅಡ್ರಿನಲಿನ್‌ನ ಹೊಡೆತ ತಡೆಯುವ ಬೀಟಾ ಬ್ಲಾಕರ್ ಮಾತ್ರೆಯನ್ನು ನಿಮ್ಮ ಅಪ್ಪನ ಹಾಗೆಯೇ ಹೃದಯ ಹಿಗ್ಗಿದ ಏಳು ರೋಗಿಗಳಿಗೆ ಕೊಟ್ಟು, ಅವರು ಚೇತರಿಸಿಕೊಂಡದ್ದನ್ನು 1975ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಇಂಥ ರೋಗಿಗಳಿಗೆ ಆ ಮಾತ್ರೆ ನಿಷಿದ್ಧ. ಜಗತ್ತು ಅದನ್ನು ಒಪ್ಪಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನೀವು ನಿಲ್ಲಿಸಿರುವ ಕಾರ್ವೆಡಿಲಾಲ್ ಅದೇ ಜಾತಿಯ ಔಷಧ. ಪಂಪಿಂಗ್ 25ಕ್ಕಿಂತ ಕಡಿಮೆ ಇದ್ದ 2,289 ಜನರ ಮೇಲೆ ಅದನ್ನು ಪರೀಕ್ಷಿಸಿದ ಅಧ್ಯಯನ 2001ರಲ್ಲಿ ಬಂತು. ಮಾತ್ರೆ ಇಲ್ಲದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 18 ಜನ ಸಾಯುತ್ತಿದ್ದರೆ, ತೆಗೆದುಕೊಂಡವರಲ್ಲಿ ಸುಮಾರು 11 ಜನ. ನಿಮ್ಮ ಅಪ್ಪನಂತೆ ಬಿ.ಪಿ. ಕಡಿಮೆ ಇದ್ದವರನ್ನೂ ಅದರಲ್ಲಿ ಸೇರಿಸಿಕೊಂಡಿದ್ದರು. ಮೆಡಿಕಲ್ ಶಾಪಿನವರು ಅದನ್ನು ಬಿ.ಪಿ. ಮಾತ್ರೆ ಎಂದು ಗುರುತಿಸಿದ್ದು ಸುಳ್ಳಲ್ಲ. ನಿಮ್ಮ ಅಪ್ಪನಿಗೆ ಅದನ್ನು ಕೊಟ್ಟಿದ್ದು ಬಿ.ಪಿ. ಇಳಿಸಲಿಕ್ಕಲ್ಲ, ಅಷ್ಟೇ.

ಶುಗರ್ ಮಾತ್ರೆಯ ಕಥೆಯೂ ಹೀಗೆಯೇ. ಡಾಪಾಗ್ಲಿಫ್ಲೋಜಿನ್ ಮೊದಲು ಬಂದದ್ದು ಮಧುಮೇಹಕ್ಕೆ. ಅದನ್ನು ತೆಗೆದುಕೊಳ್ಳುವ ಮಧುಮೇಹಿಗಳು ಹೃದಯದ ಸೋಲಿಗಾಗಿ ಆಸ್ಪತ್ರೆ ಸೇರುವುದು ಕಡಿಮೆಯಾದದ್ದನ್ನು ಕಂಡು, ಸಂಶೋಧಕರು 4,744 ಹೃದ್ರೋಗಿಗಳಲ್ಲಿ ಪರೀಕ್ಷೆ ನಡೆಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಧುಮೇಹವೇ ಇರಲಿಲ್ಲ. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ, ರೋಗ ಉಲ್ಬಣಿಸುವುದು ಅಥವಾ ಹೃದ್ರೋಗದಿಂದ ಸಾಯುವುದು ಶೇ. 26ರಷ್ಟು ತಗ್ಗಿತ್ತು. ಶುಗರ್ ಇದ್ದವರಿಗೂ ಇಲ್ಲದವರಿಗೂ ಲಾಭ ಒಂದೇ. ಶುಗರ್ ಇಲ್ಲದವರಲ್ಲಿ ಈ ಮಾತ್ರೆಯೊಂದರಿಂದಲೇ ಸಕ್ಕರೆ ಅಪಾಯಕ್ಕೆ ಇಳಿಯುವುದು ತೀರಾ ಅಪರೂಪ. ಮೂತ್ರದ ಜಾಗದಲ್ಲಿ ತುರಿಕೆ ಬರಬಹುದು, ಬಂದರೆ ನಾಚದೆ ಹೇಳಲಿ. ಜ್ವರ, ವಾಂತಿ ಬಂದು ಊಟ ಸೇರದ ದಿನಗಳಲ್ಲಿ ಅದನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ.

ಉಳಿದ ಮೂರರಲ್ಲಿ ಸ್ಪೈರೊನೊಲ್ಯಾಕ್ಟೋನ್ ಮತ್ತು ಸಕುಬಿಟ್ರಿಲ್-ವಲ್ಸಾರ್ಟನ್ ಇರಬಹುದೆಂದು ಊಹಿಸುತ್ತೇನೆ. ಚೀಟಿ ನೋಡಿ. ಒಂದು ನೀರಿನ ಮಾತ್ರೆಯೂ ಇರುತ್ತದೆ. ಊತ ಇಳಿಸಿ ಉಸಿರು ಹಗುರ ಮಾಡುವುದು ನೀರಿನ ಮಾತ್ರೆ, ಹಾಗಾಗಿ ಮನೆಯವರಿಗೆ ಅದೊಂದೇ ನಂಬಿಕೆ. ಆಯುಷ್ಯ ಕಾಯುವುದು ಮಿಕ್ಕ ನಾಲ್ಕು. ಅವುಗಳ ಕೆಲಸ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಜನ ಅವನ್ನೇ ಬಿಡುತ್ತಾರೆ.

ಎದ್ದು ನಿಂತಾಗ ತಲೆ ಸುತ್ತುತ್ತದೆಯೇ ಎಂಬುದನ್ನು ನೀವು ಬರೆದಿಲ್ಲ. ಸುತ್ತದಿದ್ದರೆ 96 ಎಂಬ ಅಂಕಿಗೆ ಹೆದರಬೇಕಿಲ್ಲ. ಸುತ್ತಿದರೆ ವೈದ್ಯರು ನೀರಿನ ಮಾತ್ರೆ ತಗ್ಗಿಸಿಯೋ, ಮಾತ್ರೆಗಳ ಹೊತ್ತು ಬದಲಿಸಿಯೋ ದಾರಿ ಮಾಡುತ್ತಾರೆ. ಕಾರ್ವೆಡಿಲಾಲ್ ಅನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಈಗಿನ ಪ್ರಮಾಣವೇ ಕೊನೆಯದೂ ಅಲ್ಲ, ಏರಿಸುತ್ತಾ ಹೋಗಬೇಕು. ಡಿಸ್ಚಾರ್ಜ್ ಆದ ಎರಡು ವಾರದೊಳಗೆ, ಪದೇ ಪದೇ ರಕ್ತ ಪರೀಕ್ಷೆ ಮಾಡುತ್ತಾ, ಪೂರ್ಣ ಪ್ರಮಾಣ ಮುಟ್ಟಿಸಿದರೆ ಏನಾಗುತ್ತದೆ ಎಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿತು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲಾತಿ ಕಂಡವರು ಶೇ. 15, ಎಂದಿನ ನಿಧಾನದ ಚಿಕಿತ್ಸೆಯಲ್ಲಿ ಶೇ. 23. ನಿಮ್ಮಲ್ಲಿ ಎರಡು ತಿಂಗಳು ಆಗಲೇ ಕಳೆದಿದೆ. ಹಾಗಾಗಿಯೇ ನನ್ನ ಆತುರ.

ಖರ್ಚಿನ ಮಾತು. ಡಾಪಾಗ್ಲಿಫ್ಲೋಜಿನ್‌ಗೆ ಈಗ ಅಗ್ಗದ ಬ್ರ್ಯಾಂಡುಗಳು ಬಂದಿವೆ, ಸಕುಬಿಟ್ರಿಲ್-ವಲ್ಸಾರ್ಟನ್ ಬೆಲೆ ಕೂಡ 2023ರಿಂದ ಇಳಿದಿದೆ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ.

ಇನ್ನು ಅಣ್ಣನ ಯೋಚನೆ. ಅವರ ಪ್ರೀತಿ ದೊಡ್ಡದು. ಆದರೆ ಹೃದಯ ಕಸಿ ದುಡ್ಡು ಕೂಡಿಸಿದ ಮಾತ್ರಕ್ಕೆ ಸಿಗುವುದಲ್ಲ. ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಅಂಗಾಂಗ ಹಂಚಿಕೆ ಸಂಸ್ಥೆಯ ಸರದಿ ಪಟ್ಟಿಯ ಮೂಲಕ, ಮಿದುಳು ನಿಷ್ಕ್ರಿಯರಾದವರ ಕುಟುಂಬ ದಾನಕ್ಕೆ ಒಪ್ಪಿದಾಗ, ರಕ್ತದ ಗುಂಪು ಮತ್ತು ಮೈಕಟ್ಟು ಹೊಂದಿದರೆ ಹೃದಯ ಸಿಗುತ್ತದೆ. ಆಮೇಲೂ ಜೀವನವಿಡೀ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಬೇಕು. ರಕ್ತ ತಳ್ಳುವ ಎಲ್‌ವ್ಯಾಡ್ ಯಂತ್ರವೂ ಇದೆ, ಅದಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. ಪೂರ್ಣ ಪ್ರಮಾಣದ ಔಷಧ ಕೊಟ್ಟೂ ಕೂತಲ್ಲೇ ಏದುಸಿರು ಬರುವವರಿಗೆ, ಮತ್ತೆ ಮತ್ತೆ ಆಸ್ಪತ್ರೆ ಸೇರುವವರಿಗೆ, ಬಿ.ಪಿ. ಕುಸಿದು ಮಾತ್ರೆಯನ್ನೇ ತಾಳಲಾರದವರಿಗೆ ಇವು ನಿಜವಾದ ದಾರಿಗಳು. ನಿಮ್ಮ ಅಪ್ಪನಿಗೆ ಮೊದಲ ಚಿಕಿತ್ಸೆಯೇ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಮಾತ್ರೆಗಳು ಪೂರ್ಣ ಪ್ರಮಾಣ ಮುಟ್ಟಿ ಮೂರು ತಿಂಗಳಾದ ಮೇಲೆ ಮತ್ತೆ ಎಕೋ ಮಾಡಿಸಿ. ಆಗಲೂ 35 ದಾಟದಿದ್ದರೆ ಹಠಾತ್ ಸಾವು ತಡೆಯುವ ಐಸಿಡಿ ಎಂಬ ಸಾಧನ ಅಳವಡಿಸುವ ಬಗ್ಗೆ, ಬೇಕಿದ್ದರೆ ಕಸಿಯ ಬಗ್ಗೆ ಕೂತು ಮಾತಾಡಿ. ತೋಟ ಈಗಲೇ ಮಾರಬೇಡಿ.

ಮನೆಯಲ್ಲಿ ನೀವು ಮಾಡಬಹುದಾದದ್ದು ಬಹಳವಿದೆ. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವುದನ್ನು ಕಾಯದೆ ಫೋನ್ ಮಾಡಿ. ಮಲೆನಾಡಿನ ಊಟದಲ್ಲಿ ಉಪ್ಪು ಅಡಗಿರುವುದು ಸಾರಿನಲ್ಲಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದಲ್ಲಿ. ಅವನ್ನು ಬಿಡಿಸಿ. ಪೂರ್ತಿ ಸಪ್ಪೆ ಊಟ ಹಾಕಿ ಅವರನ್ನು ಕುಗ್ಗಿಸಬೇಕಿಲ್ಲ. ಆದರೆ ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತಕ್ಕೇ ಅಪಾಯ. ದಿನವೂ ಎಳನೀರು ಕುಡಿಸುವುದೂ ಇದೇ ಕಾರಣಕ್ಕೆ ಬೇಡ. ಸೊಂಟ, ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ಇದ್ದರೆ ನಿಲ್ಲಿಸಿ, ಅವು ನೀರು ತುಂಬಿಸುತ್ತವೆ. ಕುಡಿತ ಇದ್ದರೆ ಪೂರ್ತಿ ಬಿಡಬೇಕು. ಹಿಗ್ಗಿದ ಹೃದಯಕ್ಕೆ ಮದ್ಯವೇ ಕಾರಣವಾಗಿದ್ದರೆ, ಬಿಟ್ಟವರಲ್ಲಿ ಕಾಣುವ ಚೇತರಿಕೆ ನನಗೆ ಯಾವಾಗಲೂ ಭರವಸೆ ಕೊಟ್ಟಿದೆ.

ಅಪ್ಪನ ಮೌನ ನನಗೆ ಆ 20ಕ್ಕಿಂತ ಹೆಚ್ಚು ಚಿಂತೆ ಹಚ್ಚಿದೆ. ಅವರ ಎದುರಿಗೇ ತೋಟ ಮಾರುವ ಮಾತು ನಡೆದಿರಬೇಕು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಉತ್ತರ ಓದಿ ಹೇಳಿ. ವೈದ್ಯರು ಒಪ್ಪಿದ ಮೇಲೆ ಅಂಗಳದಲ್ಲಿ ನಡೆಯಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ಇಡೀ ದಿನ ಮಲಗಿಸಬೇಡಿ. ಖಿನ್ನತೆ ಈ ರೋಗದ ಜೊತೆ ಆಗಾಗ ಬರುವಂಥದ್ದು, ಅದಕ್ಕೂ ಚಿಕಿತ್ಸೆ ಇದೆ.

ಮುಂದೆ ಒಂದು ದಿನ ಎಕೋದಲ್ಲಿ ಪಂಪಿಂಗ್ 50 ಎಂದು ಬಂದರೆ, ಗುಣವಾಯಿತಲ್ಲ, ಇನ್ನೇಕೆ ಮಾತ್ರೆ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಲಂಡನ್ನಿನ ವೈದ್ಯರು ಇದನ್ನೂ ಪರೀಕ್ಷಿಸಿದ್ದಾರೆ. ಹಿಗ್ಗಿದ ಹೃದಯ ಪೂರ್ತಿ ಚೇತರಿಸಿಕೊಂಡಿದ್ದ 25 ಜನರಿಗೆ ಹಂತಹಂತವಾಗಿ ಮಾತ್ರೆ ನಿಲ್ಲಿಸಿದಾಗ, ಆರು ತಿಂಗಳೊಳಗೆ 11 ಜನರಲ್ಲಿ ರೋಗ ಮರಳಿತು. ಮುಂದುವರಿಸಿದ 26 ಜನರಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಮರಳಲಿಲ್ಲ.